ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಲಲ್ಲಿ ಸಿಕ್ಕ ಆಮೆ ಹೊಸದೋ ಹಳೆಯದೋ?

ಹಿಂದಿನ ಸಂಚಿಕೆಯಲ್ಲಿ ಸಿರಿಯಾದ ಪಳೆಯುಳಿಕೆ ಆಮೆಯ ಬಗ್ಗೆ ಒಂದು ಸಣ್ಣ ಸುದ್ದಿ ಹಾಕಿದ್ದೆವು. ಆಫ್ರಿನ್ ಊರಿನ ಹತ್ತಿರದ ಕಲ್ಲುಕ್ವಾರಿಯಲ್ಲಿ 2010ರಲ್ಲಿ ಬಂಡೆ ಸಿಡಿಸುವಾಗ ಹೊರಬಂದ ಆಮೆ ಅದು. ಅದಕ್ಕೆ ಸಿರಿಯೆಮಿಸ್ ಲೆಲುನೆನ್ಸಿಸ್ ಅಂತ ಹೆಸರಿಟ್ಟದ್ದು 2025ರಲ್ಲಿ. ಸುಮಾರು 5 ಕೋಟಿ ವರ್ಷ ಹಳೆಯದು, ಹೊಸ ಪ್ರಭೇದ, ಅಷ್ಟೇ ಸುದ್ದಿ. ಅದನ್ನು ಓದಿ ಮೈಸೂರು, ಮಂಡ್ಯ ಕಡೆಯಿಂದ ಬಹಳ ಪತ್ರ ಬಂದಿವೆ. ಕೆಲವರು ಫೋಟೊ ಕಳಿಸಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ. ಈ ತಿಂಗಳ ಪುಟ ಪೂರ್ತಿ ಆಮೆಗೇ.

ಪ್ರಶ್ನೆ: ನಾಲೆ ಪಕ್ಕದ ಗದ್ದೆ ಮಟ್ಟ ಮಾಡಿಸುವಾಗ ಜೆಸಿಬಿಗೆ ಒಂದು ದುಂಡನೆ ಕಲ್ಲು ಸಿಕ್ಕಿತು. ಮೇಲೆಲ್ಲ ಆಮೆ ಚಿಪ್ಪಿನ ಥರ ಗೆರೆ ಇದೆ. ಊರಿನವರು ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ್ದಾರೆ. ಫೋಟೊ ಕಳಿಸಿದ್ದೇನೆ. ಇದು ಕಲ್ಲಾದ ಆಮೆಯೇ? (ಪಾಂಡವಪುರ ತಾಲ್ಲೂಕಿನ ರೈತರು)

ಉತ್ತರ: ಅಲ್ಲ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಿನವರು ಪೂಜೆ ಮಾಡುವುದಕ್ಕೂ ನನ್ನ ಉತ್ತರಕ್ಕೂ ಸಂಬಂಧ ಇಲ್ಲ, ಅದು ಅವರಿಗೆ ಬಿಟ್ಟದ್ದು.

ನಿಮ್ಮ ಫೋಟೊಗಳಲ್ಲಿ ಹತ್ತಿರದಿಂದ ತೆಗೆದದ್ದನ್ನು ದೊಡ್ಡದು ಮಾಡಿ ನೋಡಿದೆ. ಕಲ್ಲಿನ ನಡುವೆ ಒಂದು ಬಿಳಿ ಬೆಣಚುಕಲ್ಲಿನ ಹರಳಿದೆ, ಅದರ ಪಕ್ಕ ಮಾಸಲು ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಅಲ್ಲಲ್ಲಿ ಮಿನುಗುವ ಕಾಗೆಬಂಗಾರದ ಚೂರು. ನೀವು ಚಿಪ್ಪಿನ ಗೆರೆ ಅಂದುಕೊಂಡದ್ದು ಆ ಬಿಳಿ ಹರಳನ್ನೇ ಸೀಳಿಕೊಂಡು ಆ ಕಡೆಗೆ ಹೋಗಿದೆ. ಇದು ಬಿರುಕು. ಆಮೆ ಚಿಪ್ಪಿನ ಗೆರೆ ಅಂದರೆ ಎರಡು ಮೂಳೆ ಕೂಡುವ ಜಾಗ, ಅದು ಹರಳನ್ನು ಸೀಳುವ ಮಾತೇ ಬರುವುದಿಲ್ಲ, ಯಾಕೆಂದರೆ ಮೂಳೆಯಲ್ಲಿ ಇಂಥ ಹರಳು ಇರುವುದಿಲ್ಲ. ಮೂಳೆ ಕಲ್ಲಾಗಿದ್ದರೂ ಮುರಿದ ಅಂಚಿಗೆ ಭೂತಗನ್ನಡಿ ಹಿಡಿದರೆ ಒಳಗಿನ ಸಣ್ಣ ಸಣ್ಣ ತೂತುಗಳ ಜಾಲ ಕಾಣುತ್ತದೆ. ಹೊರಗಿನ ಎರಡು ಪದರ ಗಟ್ಟಿ, ನಡುವಿನದು ತೂತು ತೂತು. ನಿಮ್ಮ ಕಲ್ಲಿನ ಮುರಿದ ಮೂಲೆ ಫೋಟೊದಲ್ಲಿದೆ, ಅಲ್ಲಿ ಬರೀ ಹರಳು.

ಇನ್ನೂ ದೊಡ್ಡ ಕಾರಣ ಒಂದಿದೆ. ಮಂಡ್ಯ ಜಿಲ್ಲೆಯ ಬಹುಪಾಲು ಬಂಡೆ ನೈಸ್ ಶಿಲೆ. ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೆಂದು ಮಾರ್ಪಾಡಾದ ಕಲ್ಲು, ವಯಸ್ಸು ಸುಮಾರು 300 ಕೋಟಿ ವರ್ಷ. ಆಮೆಗಳ ಅತಿ ಹಳೆಯ ನೆಂಟರೂ 26 ಕೋಟಿ ವರ್ಷಕ್ಕಿಂತ ಹಿಂದೆ ಹೋಗುವುದಿಲ್ಲ. ಕಲ್ಲು ಹುಟ್ಟಿದ ಕಾಲದಲ್ಲಿ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ಮಣ್ಣಿನೊಳಗೆ ನೀರು ಇಳಿದು ಇಂಥ ಬಂಡೆಯ ಮೂಲೆಗಳು ಸವೆದು, ಪದರ ಕಳಚಿ, ದುಂಡಗಾಗುವುದು ನಮ್ಮ ಸೀಮೆಯಲ್ಲಿ ತೀರಾ ಸಾಮಾನ್ಯ. ಕುಂತಿಬೆಟ್ಟದ ಸುತ್ತ ಓಡಾಡಿದರೆ ಎಲ್ಲ ಗಾತ್ರದ್ದೂ ಸಿಗುತ್ತವೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಒಂದು ಪಳೆಯುಳಿಕೆ ಆಮೆ ಸಿಕ್ಕ ತಕ್ಷಣ ‘ಇದು ಹೊಸ ಪ್ರಭೇದ’ ಅಂತ ಹೇಗೆ ಹೇಳುತ್ತಾರೆ? ಡಿಎನ್ಎ ಇರುವುದಿಲ್ಲ ಅಲ್ವಾ? (ಸರಸ್ವತಿಪುರಂನ ವಿದ್ಯಾರ್ಥಿನಿ)

ಉತ್ತರ: ಸಿಕ್ಕ ತಕ್ಷಣ ಹೇಳುವುದಿಲ್ಲ. ಸಿರಿಯಾದ ಆಮೆಗೆ 15 ವರ್ಷ ಹಿಡಿಯಿತು ಅನ್ನುವುದನ್ನು ನೋಡಿ. ಡಿಎನ್ಎ ವಿಚಾರ ನೀವು ಹೇಳಿದ್ದು ಸರಿ, ಕೋಟಿಗಟ್ಟಲೆ ವರ್ಷದ ಮೂಳೆಯಲ್ಲಿ ಅದು ಉಳಿಯುವುದಿಲ್ಲ. ಎಲ್ಲ ಕೆಲಸ ಆಕಾರದಿಂದಲೇ ಆಗಬೇಕು.

ಮೊದಲು ಆಮೆಯ ಚಿಪ್ಪು ಏನು ಅಂತ ಗೊತ್ತಿರಬೇಕು. ಚಿಪ್ಪು ಅಂದರೆ ಒಂದೇ ತುಂಡು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆನ್ನುಚಿಪ್ಪಿನಲ್ಲಿ ಸಾಮಾನ್ಯವಾಗಿ 50ರಷ್ಟು ಮೂಳೆಗಳಿರುತ್ತವೆ. ನಡುವೆ ಬೆನ್ನುಮೂಳೆಗೆ ಅಂಟಿಕೊಂಡ ಒಂದು ಸಾಲು, ಅದರ ಎರಡೂ ಕಡೆ ಪಕ್ಕೆಲುಬು ಅಗಲವಾಗಿ ಆದ ಹಲಗೆಗಳು ಎಂಟೆಂಟು, ಅಂಚಿಗೆ ಸುತ್ತಲೂ ಹನ್ನೊಂದು ಜೊತೆ. ಹೊಟ್ಟೆಚಿಪ್ಪಿನಲ್ಲಿ 9 ಮೂಳೆ. ಕೆಲವು ಗುಂಪುಗಳಲ್ಲಿ ಅಲ್ಲಿ ಇನ್ನೊಂದು ಜೊತೆ ಸೇರಿ 11 ಆಗುತ್ತದೆ. ಈ ಮೂಳೆಗಳು ಕೂಡುವ ಅಂಚು, ಎರಡು ಕೈಯ ಬೆರಳು ಹೆಣೆದುಕೊಂಡ ಹಾಗೆ ಅಂಕುಡೊಂಕಾಗಿ ಒಂದರೊಳಗೊಂದು ಕೂತಿರುತ್ತದೆ. ಇದಕ್ಕೆ ಹೊಲಿಗೆ ಅನ್ನೋಣ.

ಇನ್ನೊಂದು ಥರದ ಗೆರೆಯೂ ಇದೆ. ಮೂಳೆಯ ಮೇಲೆ, ನಮ್ಮ ಉಗುರಿನಲ್ಲಿರುವ ವಸ್ತುವಿನದೇ ಒಂದು ಹೊದಿಕೆ ಇರುತ್ತದೆ. ಅದೂ ಬಿಲ್ಲೆ ಬಿಲ್ಲೆಯಾಗಿರುತ್ತದೆ, ಬೆನ್ನಿನ ಮೇಲೆ ಬಹಳ ಆಮೆಗಳಲ್ಲಿ 38 ಬಿಲ್ಲೆ. ಜೀವ ಹೋದ ಮೇಲೆ ಹೊದಿಕೆ ಕಳಚಿ ಹೋಗುತ್ತದೆ, ಪಳೆಯುಳಿಕೆಯಲ್ಲಿ ಉಳಿಯುವುದು ತೀರಾ ಅಪರೂಪ. ಆದರೆ ಎರಡು ಬಿಲ್ಲೆ ಸೇರುತ್ತಿದ್ದ ಕಡೆ ಮೂಳೆಯ ಮೇಲೆ ಒಂದು ಸಣ್ಣ ಕಾಲುವೆ ಬಿದ್ದಿರುತ್ತದೆ, ಅದು ಹಾಗೇ ಉಳಿಯುತ್ತದೆ. ಬಿಲ್ಲೆಗಳ ಅಂಚೂ ಮೂಳೆಗಳ ಅಂಚೂ ಒಂದರ ಮೇಲೊಂದು ಬೀಳುವುದಿಲ್ಲ, ಅಡ್ಡಹಾಯುತ್ತವೆ. ಹಳೆಯ ನಕ್ಷತ್ರ ಆಮೆ ಚಿಪ್ಪನ್ನು ಯಾವುದಾದರೂ ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಕೈಗೆ ತೆಗೆದುಕೊಳ್ಳಲು ಬಿಟ್ಟರೆ, ಬಿಲ್ಲೆ ಎದ್ದುಹೋದ ಕಡೆ ಬೆರಳಾಡಿಸಿ ನೋಡಿ. ಕಾಲುವೆ ಬೆರಳಿಗೆ ನುಣುಪಾಗಿ, ಸ್ವಲ್ಪ ತಗ್ಗಾಗಿ ಸಿಗುತ್ತದೆ. ಹೊಲಿಗೆ ಅದನ್ನು ದಾಟುವ ಕಡೆ ಉಗುರಿಗೆ ಗರಗರ ಅನ್ನುತ್ತದೆ. ಪಳೆಯುಳಿಕೆ ಆಮೆಯ ಗುರುತಿನಲ್ಲಿ ಅರ್ಧ ಕೆಲಸ ಈ ಎರಡು ಗೆರೆಗಳ ನಕ್ಷೆ ಬರೆಯುವುದೇ.

ಆಮೇಲೆ ದೊಡ್ಡ ಗುಂಪಿನಿಂದ ಸಣ್ಣದಕ್ಕೆ ಇಳಿಯುತ್ತಾ ಬರಬೇಕು. ಈಗ ಬದುಕಿರುವ ಆಮೆಗಳಲ್ಲಿ 350ಕ್ಕೂ ಜಾಸ್ತಿ ಪ್ರಭೇದಗಳಿವೆ, ಎಲ್ಲವೂ ಎರಡು ಪಂಗಡ. ಕತ್ತನ್ನು ನೇರ ಹಿಂದಕ್ಕೆ ಚಿಪ್ಪಿನೊಳಗೆ ಎಳೆದುಕೊಳ್ಳುವವು ಒಂದು, ಕತ್ತನ್ನು ಪಕ್ಕಕ್ಕೆ ಮಡಚಿ ಚಿಪ್ಪಿನ ಅಂಚಿನ ಕೆಳಗೆ ಇಟ್ಟುಕೊಳ್ಳುವವು ಇನ್ನೊಂದು. ಪಳೆಯುಳಿಕೆಯಲ್ಲಿ ಕತ್ತು ಸಿಗುವುದು ಕಷ್ಟ. ಆದರೆ ಪಕ್ಕಕತ್ತಿನ ಆಮೆಗಳಲ್ಲಿ ಸೊಂಟದ ಮೂಳೆ ಮೇಲಿನ ಚಿಪ್ಪಿಗೂ ಕೆಳಗಿನ ಚಿಪ್ಪಿಗೂ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ, ಇನ್ನೊಂದು ಪಂಗಡದಲ್ಲಿ ಹಾಗಿಲ್ಲ. ಹೊಟ್ಟೆಚಿಪ್ಪಿನ ಹಿಂಭಾಗದ ಒಂದು ತುಂಡು ಸಿಕ್ಕಿ, ಅದರ ಒಳಮೈಯಲ್ಲಿ ಸೊಂಟ ಬೆಸೆದ ಗುರುತು ಇದ್ದರೆ ಸಾಕು, ಅರ್ಧ ಜಗತ್ತಿನ ಆಮೆಗಳನ್ನು ಪಟ್ಟಿಯಿಂದ ತೆಗೆದು ಹಾಕಬಹುದು. ಸಿರಿಯಾದಲ್ಲಿ ಸಿಕ್ಕಿದ್ದು ಬಹುಪಾಲು ಚಿಪ್ಪಿನೊಳಗೆ ತುಂಬಿಕೊಂಡ ಕೆಸರು ಕಲ್ಲಾಗಿ ಉಳಿದ ಅಚ್ಚು. ಆದರೂ ಹೊಟ್ಟೆಚಿಪ್ಪು, ಸೊಂಟ, ಹಿಂಗಾಲಿನ ಮೂಳೆಗಳ ಭಾಗ ಜೊತೆಗಿದ್ದುದರಿಂದ ಅದು ಪಕ್ಕಕತ್ತಿನದು ಅಂತ ತಿಳಿಯಿತು.

ಚಿಪ್ಪಿನ ಮೇಲ್ಮೈ ಪೂರ್ತಿ ಗುಳಿ ಗುಳಿ, ಉಬ್ಬು ಉಬ್ಬು, ಬಿಲ್ಲೆಯ ಕಾಲುವೆಯೇ ಇಲ್ಲ ಅಂದರೆ ಮೆದುಚಿಪ್ಪಿನ ಆಮೆ. ಹೀಗೆ ಕುಟುಂಬದವರೆಗೆ ಬರುವುದು ಅಷ್ಟು ಕಷ್ಟ ಅಲ್ಲ, ಪಳಗಿದ ಕಣ್ಣಿಗೆ ಒಂದು ಸಂಜೆಯ ಕೆಲಸ.

ಕಷ್ಟ ಶುರುವಾಗುವುದು ಆಮೇಲೆ. ಆ ಕುಟುಂಬದಲ್ಲಿ ಇದುವರೆಗೆ ಹೆಸರಾಗಿರುವ ಪ್ರತಿಯೊಂದು ಪ್ರಭೇದದ ಜೊತೆಗೂ ಇದನ್ನು ಇಟ್ಟು ನೋಡಬೇಕು. ಅವುಗಳ ಮೂಲ ಮಾದರಿ, ಅಂದರೆ ಹೆಸರಿಡುವಾಗ ಆಧಾರವಾಗಿ ಇಟ್ಟುಕೊಂಡ ವಸ್ತು, ಒಂದು ಲಂಡನ್‌ನಲ್ಲಿ, ಒಂದು ನ್ಯೂಯಾರ್ಕ್‌ನಲ್ಲಿ, ಒಂದು ಕೋಲ್ಕತ್ತದಲ್ಲಿ ಇರುತ್ತದೆ. ಫೋಟೊ ನೋಡಿ ಆಗುವ ಕೆಲಸ ಅಲ್ಲ. ಹೋಲಿಸಿದಾಗ ಒಂದು ವ್ಯತ್ಯಾಸ ಕಂಡಿತು ಅನ್ನಿ. ಹಿಗ್ಗಿಬಿಡಬಾರದು. ಮರಿ ಆಮೆಯಾಗಿದ್ದರೆ ಪಕ್ಕೆಯ ಹಲಗೆಗೂ ಅಂಚಿನ ಮೂಳೆಗೂ ನಡುವೆ ಖಾಲಿ ಜಾಗ ಇರುತ್ತದೆ, ಬೆಳೆಯುತ್ತಾ ಮುಚ್ಚಿಕೊಳ್ಳುತ್ತದೆ. ಬಹಳ ಆಮೆಗಳಲ್ಲಿ ಗಂಡಿನ ಹೊಟ್ಟೆಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ, ಹೆಣ್ಣಿನದು ಮಟ್ಟಸ. ಒಂದೇ ಪ್ರಭೇದದ ಎರಡು ಆಮೆಗಳಲ್ಲಿ ನಡುಸಾಲಿನ ಮೂಳೆ ಒಂದು ಹೆಚ್ಚೂ ಒಂದು ಕಮ್ಮಿಯೂ ಇರಬಹುದು. ಇನ್ನು ಮೇಲೆ ಕೂತ ಕಲ್ಲಿನ ಭಾರಕ್ಕೆ ಎತ್ತರದ ಚಿಪ್ಪು ಚಪ್ಪಟೆಯಾಗಿರಬಹುದು. ಇವು ಯಾವುವೂ ಹೊಸ ಪ್ರಭೇದದ ಗುರುತಲ್ಲ. ಹಿಂದಿನ ಕಾಲದಲ್ಲಿ ಸುಮ್ನೆ ಒಂದು ಚೂರು ಚಿಪ್ಪಿಗೆಲ್ಲ ಹೆಸರಿಟ್ಟು, ಇವತ್ತಿಗೂ ಅದು ಯಾವ ಆಮೆ ಅಂತ ತೀರ್ಮಾನ ಮಾಡಲಾಗದೆ ಉಳಿದ ಹೆಸರುಗಳು ಎಷ್ಟೋ ಇವೆ. ಒಬ್ಬ ಸಂಶೋಧಕ ವ್ಯತ್ಯಾಸ ಹುಡುಕಲು ಕಳೆದ ಸಮಯಕ್ಕಿಂತ ಆ ವ್ಯತ್ಯಾಸವನ್ನು ಅನುಮಾನಿಸಲು ಕಳೆದ ಸಮಯ ಜಾಸ್ತಿ ಇದ್ದರೆ ಆ ಹೆಸರನ್ನು ನಾನು ನಂಬುತ್ತೇನೆ.

ಇಷ್ಟೂ ಪರೀಕ್ಷೆ ದಾಟಿದ ಮೇಲೆ ಒಂದು ದೊಡ್ಡ ಕೋಷ್ಟಕ ತಯಾರಾಗುತ್ತದೆ. ಅಡ್ಡಸಾಲಿನಲ್ಲಿ ಆಮೆಗಳು, ಉದ್ದಸಾಲಿನಲ್ಲಿ ಲಕ್ಷಣಗಳು. ಲಕ್ಷಣ ಇದ್ದರೆ 1, ಇಲ್ಲದಿದ್ದರೆ 0, ಆ ಭಾಗವೇ ಸಿಕ್ಕಿಲ್ಲದಿದ್ದರೆ ಪ್ರಶ್ನೆ ಚಿಹ್ನೆ. ಪಳೆಯುಳಿಕೆಗಳ ಸಾಲಿನಲ್ಲಿ ಪ್ರಶ್ನೆ ಚಿಹ್ನೆಯೇ ಜಾಸ್ತಿ. ಇದನ್ನು ಕಂಪ್ಯೂಟರ್‌ಗೆ ಕೊಟ್ಟರೆ, ಅತಿ ಕಡಿಮೆ ಬದಲಾವಣೆಗಳಲ್ಲಿ ಎಲ್ಲವನ್ನೂ ವಿವರಿಸುವ ವಂಶವೃಕ್ಷ ಯಾವುದು ಅಂತ ಹುಡುಕಿ ಕೊಡುತ್ತದೆ. ಹೊಸ ಆಮೆ ಯಾವ ಕೊಂಬೆಯಲ್ಲಿ ಕೂರುತ್ತದೆ ಅನ್ನುವುದು ಅಲ್ಲಿ ತಿಳಿಯುತ್ತದೆ. ಕೋಷ್ಟಕದಲ್ಲಿ ಎರಡು ಅಂಕಿ ಬದಲಾದರೆ ಕೊಂಬೆಯೂ ಬದಲಾಗಬಹುದು. ಅದಕ್ಕೇ ಕೋಷ್ಟಕವನ್ನು ಪೂರ್ತಿ ಪ್ರಕಟಿಸುತ್ತಾರೆ, ಬೇರೆಯವರು ಪರೀಕ್ಷಿಸಲಿ ಅಂತ.

ಪ್ರಶ್ನೆ: ಒಂದೇ ಒಂದು ಮೂಳೆ ನೋಡಿ ಇಡೀ ಪ್ರಾಣಿಗೆ ಹೆಸರಿಡುವುದು ಮೋಸ ಅಲ್ಲವೇ? (ಮದ್ದೂರಿನ ನಿವೃತ್ತ ಮೇಷ್ಟ್ರು)

ಉತ್ತರ: ಮೋಸ ಅಲ್ಲ ಸರ್, ಆದರೆ ಅದು ಯಾವ ಮೂಳೆ ಅನ್ನುವುದರ ಮೇಲೆ ನಿಂತಿದೆ. ಬ್ರೆಜಿಲ್‌ನ ಪೋರ್ಟೊ ವೆಲ್ಯೊ ಹತ್ತಿರ ಚಿನ್ನ ಹುಡುಕುವವರಿಗೆ ಒಂದು ಆಮೆಯ ಕೆಳದವಡೆ ಸಿಕ್ಕಿತ್ತು. 2024ರಲ್ಲಿ ಅದರ ಆಧಾರದ ಮೇಲೆಯೇ ಪೆಲ್ಟೊಸೆಫಾಲಸ್ ಮಾಟುರಿನ್ ಅನ್ನುವ ಹೊಸ ಪ್ರಭೇದ ಹೆಸರಾಯಿತು. ಚಿಪ್ಪಿಲ್ಲ, ಕಾಲಿಲ್ಲ. ಆದರೆ ದವಡೆ ಬಹಳ ಮಾತಾಡುತ್ತದೆ. ಏನು ತಿನ್ನುತ್ತಿತ್ತು ಅನ್ನುವುದಕ್ಕೆ ತಕ್ಕಂತೆ ಅರೆಯುವ ಮೇಲ್ಮೈ ಅಗಲ ಆಗುತ್ತದೆ, ಕಿರಿದಾಗುತ್ತದೆ, ಏಣು ಬರುತ್ತದೆ. ಇದರ ದವಡೆ ಅಮೆಜಾನ್‌ನಲ್ಲಿ ಇವತ್ತೂ ಬದುಕಿರುವ ದೊಡ್ಡತಲೆಯ ಆಮೆಯ ದವಡೆಗೆ ಹತ್ತಿರ ಇದೆ, ಆದರೆ ಅದೇ ಅಲ್ಲ. ದವಡೆಯ ಅಳತೆಯಿಂದ ಲೆಕ್ಕ ಹಾಕಿ ಚಿಪ್ಪು ಸುಮಾರು 1.8 ಮೀಟರ್ ಉದ್ದ ಇದ್ದಿರಬಹುದು ಅಂದರು. ಈ ಎರಡು ಮಾತನ್ನು ಬೇರೆ ಬೇರೆಯಾಗಿ ತೂಗಬೇಕು. ಹೊಸ ಪ್ರಭೇದ ಅನ್ನುವುದು ಕಣ್ಣಿಗೆ ಕಾಣುವ ಆಕಾರದ ಮೇಲೆ ನಿಂತ ಮಾತು. 1.8 ಮೀಟರ್ ಅನ್ನುವುದು ಬೇರೆ ಆಮೆಗಳಲ್ಲಿ ತಲೆಗೂ ಚಿಪ್ಪಿಗೂ ಇರುವ ಪ್ರಮಾಣದಿಂದ ತೆಗೆದ ಅಂದಾಜು. ಪತ್ರಿಕೆಗಳು ಎರಡನೆಯದನ್ನೇ ತಲೆಬರಹ ಮಾಡುತ್ತವೆ, ನಿಮಗೆ ಅನುಮಾನ ಬರುವುದು ಸಹಜ.

ಅದೇ, ಬೆನ್ನುಚಿಪ್ಪಿನ ಅಂಚಿನ ಒಂದು ಮೂಳೆ ಮಾತ್ರ ಸಿಕ್ಕಿ ಹೊಸ ಪ್ರಭೇದ ಅಂದರೆ ನಾನೂ ಒಪ್ಪುವುದಿಲ್ಲ. ಅದು ಹತ್ತಾರು ಪ್ರಭೇದಗಳಲ್ಲಿ ಒಂದೇ ಥರ ಇರುತ್ತದೆ.

ಪ್ರಶ್ನೆ: ನಮ್ಮ ಕಡೆ ಎಲ್ಲೂ ಇಂಥವು ಸಿಕ್ಕಿಲ್ಲವಾ? ಯಾವಾಗಲೂ ಬ್ರೆಜಿಲ್, ಚೀನಾ ಅಂತೀರಿ. (ಶ್ರೀರಂಗಪಟ್ಟಣ)

ಉತ್ತರ: ಸಿಕ್ಕಿವೆ, ಅದೂ ಕಾವೇರಿಯ ಕೆಳದಂಡೆ ಕಡೆಗೇ. ನಿಮ್ಮ ಊರನ್ನು ಬಳಸಿಕೊಂಡು ಹೋಗುವ ಹೊಳೆ ತಿರುಚ್ಚಿ ದಾಟಿ ಸಮುದ್ರಕ್ಕೆ ಹೋಗುತ್ತದಲ್ಲ, ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಅರಿಯಲೂರು ಸೀಮೆ. ಅಲ್ಲಿನ ಕಲ್ಲಮೇಡು ಅನ್ನುವ ಕಡೆಯ ಪದರಗಳಲ್ಲಿ ಡೈನೋಸಾರ್ ಮೂಳೆಗಳ ಜೊತೆ ಆಮೆಗಳೂ ಸಿಕ್ಕವು. ಕಾಲ ಸುಮಾರು 7 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕೊನೆಗಾಲ. ಅಲ್ಲಿನ ಆಮೆಗೆ 2001ರಲ್ಲಿ ಯೂಜೀನ್ ಗ್ಯಾಫ್ನಿ, ಶಂಕರ್ ಚಟರ್ಜಿ, ಧೀರಜ್ ರುದ್ರ ಇಟ್ಟ ಹೆಸರು ಕೂರ್ಮಡೆಮಿಸ್ ಕಲ್ಲಮೇಡೆನ್ಸಿಸ್. ಪಕ್ಕಕತ್ತಿನ ಆಮೆ. ಇವತ್ತು ಇಡೀ ಭಾರತದಲ್ಲಿ ಪಕ್ಕಕತ್ತಿನ ಆಮೆ ಒಂದೂ ಇಲ್ಲ! ದಕ್ಷಿಣ ಅಮೆರಿಕ, ಆಫ್ರಿಕ, ಮಡಗಾಸ್ಕರ್, ಆಸ್ಟ್ರೇಲಿಯಾ ಕಡೆಗೆ ಹೋಗಬೇಕು. ಆದರೆ ಆಗ ಇಲ್ಲಿ ಇದ್ದವು, ಒಂದಲ್ಲ, ಹಲವು.

2003ರಲ್ಲಿ ಮುಂಬೈನ ಲಾವಾ ಪದರಗಳ ನಡುವಿನ ಕಲ್ಲಿನಿಂದ ಸಂಕುಚೆಮಿಸ್ ಸೇತ್ನೈ ಹೆಸರಾಯಿತು. 2009ರಲ್ಲಿ ಮಡಗಾಸ್ಕರ್‌ನಿಂದ ಕಿಂಕೋನಿಕೆಲಿಸ್ ಬಂತು. ಮೂರರ ತಲೆಬುರುಡೆಯನ್ನೂ ಅಕ್ಕಪಕ್ಕ ಇಟ್ಟು ಕಿವಿಯ ಸುತ್ತಲಿನ ಮೂಳೆ, ಬುರುಡೆಯ ತಳ ಎಲ್ಲ ಹೋಲಿಸಿದಾಗ, ಇವು ಒಂದಕ್ಕೊಂದು ಹತ್ತಿರದ ನೆಂಟರು ಅಂತ ಗೊತ್ತಾಯಿತು. ಎಲ್ಲಿಯ ಅರಿಯಲೂರು, ಎಲ್ಲಿಯ ಮಡಗಾಸ್ಕರ್! ಆದರೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಅದಕ್ಕೂ ಮುಂಚೆ ಒಂದೇ ನೆಲ. ಒಟ್ಟಿಗೆ ಇದ್ದ ಆಮೆಗಳ ವಂಶ ನೆಲ ಸೀಳಿದ ಮೇಲೆ ಎರಡೂ ಕಡೆ ಮುಂದುವರಿಯಿತು ಅನ್ನುವುದು ಇದರ ಸರಳ ವಿವರಣೆ. ವರ್ಗೀಕರಣ ಅಂದರೆ ಬರೀ ಹೆಸರಿಡುವ ಕೆಲಸ ಅಂದುಕೊಂಡವರಿಗೆ ನಾನು ಯಾವಾಗಲೂ ಈ ಮೂರು ತಲೆಬುರುಡೆಗಳ ವಿಷಯ ಹೇಳುತ್ತೇನೆ. ಕಿವಿಯ ಹತ್ತಿರದ ಒಂದು ಮೂಳೆಯ ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಸರಿಯಾಗಿ ಬರೆದಿಡದಿದ್ದರೆ, ಈ ನೆಂಟಸ್ತಿಕೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೂ ಇವೆ. ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಪದರಗಳಿಂದ 2000ದಲ್ಲಿ ಇಂಡೋಕೆಲಿಸ್ ಬಂತು, ಅದು ಜುರಾಸಿಕ್ ಕಾಲದ್ದು, ಭಾರತದಲ್ಲಿ ಸಿಕ್ಕ ಆ ಕಾಲದ ಮೊದಲ ಆಮೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ 1830ರ ದಶಕದಲ್ಲಿ ಫಾಲ್ಕನರ್ ಮತ್ತು ಕಾಟ್ಲಿ ಅನ್ನುವ ಬ್ರಿಟಿಷ್ ಸಂಶೋಧಕರು ಕಂಡ ನೆಲದ ಆಮೆಯ ಚಿಪ್ಪಂತೂ 2 ಮೀಟರ್ ಹತ್ತಿರ ಉದ್ದ.

ಪ್ರಶ್ನೆ: ವಿಜ್ಞಾನಿಗಳು ಒಂದು ಸಲ ಇಟ್ಟ ಹೆಸರನ್ನು ಮತ್ತೆ ಮತ್ತೆ ಬದಲಾಯಿಸುತ್ತಾರೆ. ಹಾಗಾದರೆ ಮೊದಲು ಹೇಳಿದ್ದು ಸುಳ್ಳೇ? (ನಾಗಮಂಗಲ)

ಉತ್ತರ: ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆ ಇದೆ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಆಮೆಯ ತಲೆಬುರುಡೆಯನ್ನು ಸೋಹನ್ ಲಾಲ್ ಜೈನ್ 1977ರಲ್ಲಿ ವಿವರಿಸಿದರು. ಮ್ಯಾನ್ಮಾರ್‌ನಿಂದ ಮೊದಲೇ ಗೊತ್ತಿದ್ದ ಶ್ವೆಬೊಎಮಿಸ್ ಅನ್ನುವ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಅದನ್ನು ಸೇರಿಸಿ ಶ್ವೆಬೊಎಮಿಸ್ ಪಿಸ್ದುರೆನ್ಸಿಸ್ ಅಂದರು. ಆಗ ಹೋಲಿಸಲು ಇದ್ದ ಸಾಮಗ್ರಿಯೇ ಅಷ್ಟು. ಕೂರ್ಮಡೆಮಿಸ್, ಸಂಕುಚೆಮಿಸ್ ಎರಡೂ ಬಂದದ್ದು ಆಮೇಲೆ. 2020ರಲ್ಲಿ ವಾಲ್ಟರ್ ಜಾಯ್ಸ್ ಮತ್ತು ಶಾಶ್ವತಿ ಬಂದ್ಯೋಪಾಧ್ಯಾಯ ಅದೇ ತಲೆಬುರುಡೆಯನ್ನು ಮತ್ತೆ ನೋಡಿ, ಇದು ಶ್ವೆಬೊಎಮಿಸ್ ಅಲ್ಲ, ಕೂರ್ಮಡೆಮಿಸ್ ಗುಂಪಿನದು ಅಂತ ತೋರಿಸಿ, ಹೊಸ ಕುಲ ಮಾಡಿದರು. ಅದಕ್ಕೆ ಜೈನೆಮಿಸ್ ಅಂತ ಹೆಸರು, ಜೈನ್ ಅವರ ಗೌರವಕ್ಕೇ. ಪಿಸ್ದುರೆನ್ಸಿಸ್ ಅನ್ನುವ ಎರಡನೆಯ ಭಾಗ ಹಾಗೇ ಉಳಿಯಿತು, ಯಾಕೆಂದರೆ ಪ್ರಭೇದ ಹೊಸದು ಅನ್ನುವ ಜೈನ್ ಅವರ ಮಾತು ನಿಂತಿತು. ಬದಲಾದದ್ದು ಅದನ್ನು ಯಾವ ಮನೆಗೆ ಸೇರಿಸಬೇಕು ಅನ್ನುವುದು ಮಾತ್ರ. 43 ವರ್ಷ ಆದ ಮೇಲೂ ಇನ್ನೊಬ್ಬರು ಬಂದು ಪರೀಕ್ಷಿಸಲು ಸಾಧ್ಯವಾದದ್ದು ಆ ತಲೆಬುರುಡೆ ಜೋಪಾನವಾಗಿ ಉಳಿದಿತ್ತು ಅಂತ. ಜೈನ್ ಅವರಿಗೆ ಇದರಲ್ಲಿ ಸೋಲು ಏನೂ ಇಲ್ಲ.

ಪ್ರಶ್ನೆ: ನಾನೇ ಹುಡುಕಿದರೆ ನನ್ನ ಹೆಸರು ಇಡುತ್ತಾರಾ? (ಕೆ.ಆರ್. ಪೇಟೆಯ ಪಿಯುಸಿ ಹುಡುಗ)

ಉತ್ತರ: ಇಡಬಹುದು. ಹುಡುಕಿದವರ ಹೆಸರನ್ನು ಪ್ರಭೇದಕ್ಕೆ ಇಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಹೆಸರು ಇಡುವುದು ಅದನ್ನು ಅಧ್ಯಯನ ಮಾಡಿ ಬರೆದವರು. ಅವರು ತಮ್ಮದೇ ಹೆಸರು ಇಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಆದರೆ ಯಾರೂ ಮರ್ಯಾದೆ ಅಂತ ಭಾವಿಸುವುದಿಲ್ಲ. ನಿಯಮಗಳು ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯಲ್ಲಿವೆ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ರೂಢಿಗೆ ತಂದ ಲಿನೇಯಸ್ ಅವರ ಪುಸ್ತಕದ, 1758ರಲ್ಲಿ ಬಂದ ಹತ್ತನೆಯ ಆವೃತ್ತಿಯಿಂದ ಲೆಕ್ಕ ಶುರು, ಮೊದಲು ಸರಿಯಾಗಿ ಪ್ರಕಟವಾದ ಹೆಸರಿಗೆ ಹಕ್ಕು ಜಾಸ್ತಿ. 2000ದಿಂದ ಈಚೆಗೆ ಹೊಸ ಪ್ರಭೇದ ಅಂತ ಬರೆಯುವವರು, ಇದೇ ಇದರ ಮಾದರಿ ವಸ್ತು ಅಂತ ಖಚಿತವಾಗಿ ತೋರಿಸಬೇಕು, ಅದು ಯಾವ ಸಂಗ್ರಹದಲ್ಲಿದೆ ಅಂತಲೂ ಹೇಳಬೇಕು. ನಿಮ್ಮ ಮನೆಯ ಶೋಕೇಸಿನಲ್ಲಿ ಇಟ್ಟುಕೊಂಡರೆ ಯಾರ ಹೆಸರೂ ಬರುವುದು ಕಷ್ಟ.

ಪ್ರಶ್ನೆ: ಆಮೆ ಹಾವು ಹಲ್ಲಿಯ ಜಾತಿನಾ? ಅದಕ್ಕೆ ಚಿಪ್ಪು ಯಾವಾಗ ಬಂತು? (ಮಳವಳ್ಳಿ, 7ನೇ ತರಗತಿ)

ಉತ್ತರ: ಪುಟ್ಟ, ಅವೆಲ್ಲ ಸರೀಸೃಪಗಳೇ. ಆದರೆ ಈಗಿನ ಡಿಎನ್ಎ ಅಧ್ಯಯನಗಳ ಪ್ರಕಾರ ಆಮೆಗೆ ಹಾವು ಹಲ್ಲಿಗಿಂತ ಮೊಸಳೆ ಮತ್ತು ಹಕ್ಕಿಗಳೇ ಹತ್ತಿರದ ನೆಂಟರು. ಚಿಪ್ಪು ಒಂದೇ ಸಲ ಬರಲಿಲ್ಲ. ಚೀನಾದಲ್ಲಿ ಸಿಕ್ಕ ಒಡಾಂಟೊಕೆಲಿಸ್ ಅನ್ನುವ ಸುಮಾರು 22 ಕೋಟಿ ವರ್ಷದ ಹಳೆಯ ಆಮೆಗೆ ಹೊಟ್ಟೆಚಿಪ್ಪು ಪೂರ್ತಿ ಇತ್ತು, ಬೆನ್ನಿನ ಮೇಲೆ ಪೂರ್ತಿ ಚಿಪ್ಪು ಇರಲಿಲ್ಲ, ಪಕ್ಕೆಲುಬುಗಳು ಅಗಲ ಆಗಿದ್ದವು ಅಷ್ಟೇ. ಬಾಯಲ್ಲಿ ಹಲ್ಲೂ ಇತ್ತು. ಈಗಿನ ಯಾವ ಆಮೆಗೂ ಹಲ್ಲಿಲ್ಲ. 2008ರಲ್ಲಿ ಅದಕ್ಕೆ ಹೆಸರಿಟ್ಟರು.

ಪ್ರಶ್ನೆ: ಮಗ ಹೊಳೆ ದಡದಿಂದ ಅಂಗೈಯಗಲದ ಆಮೆ ಚಿಪ್ಪು ತಂದಿದ್ದಾನೆ. ಬಿಳಿಚಿಕೊಂಡಿದೆ, ಮೇಲೆಲ್ಲ ಸಣ್ಣ ಸಣ್ಣ ಉಬ್ಬು. ಪಳೆಯುಳಿಕೆ ಅಂತ ಹಟ ಮಾಡುತ್ತಾನೆ. ಮನೆಯಲ್ಲಿ ಇಡಬಹುದಾ? (ಟಿ. ನರಸೀಪುರದ ಗೃಹಿಣಿ)

ಉತ್ತರ: ಇಡಬೇಡಿ ಅಕ್ಕ. ನೀವು ಬರೆದ ವಿವರ ನೋಡಿದರೆ ನಮ್ಮ ಕೆರೆ ಹೊಳೆಗಳಲ್ಲಿ ಇವತ್ತೂ ಇರುವ ಮೆದುಚಿಪ್ಪಿನ ಆಮೆಯದೇ ಚಿಪ್ಪು. ಬಿಲ್ಲೆಯ ಕಾಲುವೆ ಇಲ್ಲದೆ ಪೂರ್ತಿ ಉಬ್ಬು ಇರುವುದು ಅದರ ಗುರುತು. ಬಿಸಿಲಿಗೆ ಬಿಳಿಚಿದ ಮೂಳೆ ಹಗುರ, ಕಲ್ಲಾದದ್ದು ಗಾತ್ರಕ್ಕೆ ಮೀರಿ ಭಾರ. ಈ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸತ್ತದ್ದರ ಚಿಪ್ಪನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ ಕೊಟ್ಟುಬಿಡಿ. ಮಗನನ್ನು ಬೈಯಬೇಡಿ. ಹೊಳೆ ದಡದಲ್ಲಿ ಬಿದ್ದದ್ದನ್ನು ನಿಂತು ನೋಡುವ ಮಕ್ಕಳು ಎಷ್ಟಿದ್ದಾರೆ? ರಜೆಯಲ್ಲಿ ಮೈಸೂರಿಗೆ ಬಂದಾಗ ಕಾರಂಜಿ ಕೆರೆ ದಡದ ನಿಸರ್ಗ ವಿಜ್ಞಾನದ ಮ್ಯೂಸಿಯಂಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಸಾರ್, ನಾನು ಮಂಡ್ಯದವನು, ಲಾರಿ ಓಡಿಸ್ತೀನಿ. ಸಿಮೆಂಟ್ ತುಂಬಲು ಅರಿಯಲೂರಿಗೆ ಹೋಗ್ತೀನಿ. ಅಲ್ಲಿ ಸುಣ್ಣಕಲ್ಲಲ್ಲಿ ಚಿಪ್ಪುಗಳು ಕಾಣ್ತವೆ. ಆಮೆ ಥರದ್ದು ಏನಾದರೂ ಕಂಡರೆ ಏನು ಮಾಡಲಿ?

ಉತ್ತರ: ಬಂದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನಿಮ್ಮದು. ನೀವು ನೋಡುವ ಸುಣ್ಣಕಲ್ಲು ಸಮುದ್ರದ ತಳದಲ್ಲಿ ಆದದ್ದು, ಆ ಚಿಪ್ಪುಗಳು ಬಹುಪಾಲು ಸಿಂಪಿ ಜಾತಿಯವು, ಅವೂ ಸುಮಾರು 7 ಕೋಟಿ ವರ್ಷದವೇ. ಆಮೆ ಸಿಕ್ಕ ಕಲ್ಲಮೇಡಿನ ಪದರ ಬೇರೆ, ಹೊಳೆ ನೀರು ತಂದು ಹಾಕಿದ ಮರಳು, ಜೇಡಿ. ಹಾಗಾಗಿ ಕ್ವಾರಿಯಲ್ಲಿ ಅದೇ ಆಮೆ ಸಿಗುವ ಸಾಧ್ಯತೆ ಕಡಿಮೆ. ಆದರೂ ಕಣ್ಣಿಟ್ಟಿರಿ. ಕ್ವಾರಿಯೊಳಗೆ ಅನುಮತಿ ಇಲ್ಲದೆ ಇಳಿಯಬೇಡಿ, ಸಿಡಿಮದ್ದಿನ ಜಾಗ.

ಹೊಲಿಗೆ ಥರದ ಅಂಕುಡೊಂಕು ಗೆರೆ ಇರುವ, ಮುರಿದ ಅಂಚಿನಲ್ಲಿ ತೂತು ತೂತು ಕಾಣುವ ಹಲಗೆ ಕಂಡರೆ ಕೀಳಬೇಡಿ. ಅದು ಇರುವ ಜಾಗದಲ್ಲೇ ಪಕ್ಕಕ್ಕೆ ಒಂದು ಪೆನ್ನು ಇಟ್ಟು ಫೋಟೊ ತೆಗೆಯಿರಿ, ಅಳತೆ ಗೊತ್ತಾಗಲಿ ಅಂತ. ದೂರದಿಂದ ಇನ್ನೊಂದು, ಯಾವ ಪದರದಲ್ಲಿದೆ ಅಂತ ಕಾಣುವ ಹಾಗೆ. ಮೊಬೈಲ್‌ನಲ್ಲಿ ಲೊಕೇಶನ್ ಸೇವ್ ಮಾಡಿಕೊಳ್ಳಿ. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಮೂಳೆಗೆ ವಯಸ್ಸು ಹೇಳುವುದು ಬಹಳ ಕಷ್ಟ, ಯಾಕೆಂದರೆ ವಯಸ್ಸು ಬರುವುದು ಸುತ್ತಲಿನ ಕಲ್ಲಿನಿಂದ, ಅದರಲ್ಲಿರುವ ಬೇರೆ ಜೀವಿಗಳಿಂದ. ಸಿರಿಯಾದ ಆಮೆಗೆ 5 ಕೋಟಿ ಅಂತ ಹೇಳಿದ್ದೂ ಜೊತೆಗಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಸಮುದ್ರಜೀವಿಗಳ ಚಿಪ್ಪು ನೋಡಿಯೇ. ಮೊದಲೇ ಕಳಚಿ ಬಿದ್ದ ತುಂಡಾಗಿದ್ದು, ಅಲ್ಲೇ ಬಿಟ್ಟರೆ ಕ್ರಷರ್‌ಗೆ ಹೋಗುತ್ತದೆ ಅನ್ನಿಸಿದರೆ, ಅಲ್ಲಿನವರನ್ನು ಕೇಳಿ ಪೇಪರ್‌ನಲ್ಲಿ ಸುತ್ತಿಡಿ. ತೊಳೆಯಬೇಡಿ, ಉಜ್ಜಬೇಡಿ, ಫೆವಿಕ್ವಿಕ್ ಹಾಕಿ ಅಂಟಿಸಬೇಡಿ, ಮೆತ್ತಿದ ಮಣ್ಣೂ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ವಿಭಾಗ ಇದೆ, ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಕಚೇರಿಗಳಿವೆ, ಅವರಿಗೆ ಮೊದಲು ಫೋಟೊ ಮತ್ತು ಲೊಕೇಶನ್ ಕಳಿಸಿ. ನಮಗೂ ಒಂದು ಕಾಪಿ ಹಾಕಿ, ಯಾರಿಗೆ ತಲುಪಿಸಬೇಕು ಅಂತ ನಾವು ವಿಚಾರಿಸಿ ಹೇಳುತ್ತೇವೆ.